ನಮ್ಮ ಮನೆಯ ಲೆಕ್ಕದ ಪುಸ್ತಕ

ಗೋಡೆ ಪತ್ರಿಕೆಯ ಮುಂದೆ ನಿಂತಿರುವ ಗೆಳೆಯ ಗೆಳತಿಯರೇ, ಈ ಸಲ ನಾನು ಉಳಿತಾಯದ ಬಗ್ಗೆ ಬರೆದಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಟ್ಟು ಹೋಗಬೇಡಿ. ಇದರಲ್ಲಿ ನಮ್ಮ ಎಮ್ಮೆಯ ವಿಷಯವೂ ಇದೆ.

ಉಳಿತಾಯ ಎಂದ ಕೂಡಲೇ ನಾವೆಲ್ಲ ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂದು ಶುರು ಮಾಡುತ್ತೇವೆ. ಗಾದೆ ಸುಳ್ಳಲ್ಲ. ಆದರೆ ನಮ್ಮ ಕಡೆಯ ಹಳ್ಳ ನೀವೇ ನೋಡಿದ್ದೀರಿ. ಮಳೆಗಾಲದಲ್ಲಿ ಎರಡು ತಿಂಗಳು ಹರಿದರೆ ಉಳಿದ ಹತ್ತು ತಿಂಗಳು ಅದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ನಮ್ಮ ಮನೆಯ ದುಡ್ಡೂ ಹಾಗೆಯೇ. ಮೆಕ್ಕೆಜೋಳ ಮಾರಿದಾಗ ಒಮ್ಮೆಲೇ ಬರುತ್ತದೆ. ಆಮೇಲೆ ಒಣಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿದ ಹೊಲಗಳು ಬಹಳ. ಆದ್ದರಿಂದ ನಿಮ್ಮಲ್ಲಿ ಅನೇಕರ ಮನೆಯ ಕತೆಯೂ ಇದೇ ಇರಬಹುದು.

ನಮ್ಮ ಅವ್ವನಿಗೆ ಓದು ಬರಹ ಬರುವುದಿಲ್ಲ. ಆದರೆ ಬಾಯಿಲೆಕ್ಕದಲ್ಲಿ ಅವಳನ್ನು ಯಾರೂ ಸೋಲಿಸಲಾರರು. ನಾನು ಒಂಬತ್ತನೇ ತರಗತಿಗೆ ಬಂದಾಗ, 2024ರ ಜೂನ್‌ನಲ್ಲಿ, ಅವಳು ಒಂದು ದಿನ, “ನೋಡವ್ವಾ, ನೂರು ಹಾಳಿಂದು ಒಂದು ನೋಟುಬುಕ್ಕು ತಗಂಡು ಮನಿ ಲೆಕ್ಕ ಬರಿ. ರೊಕ್ಕ ಎಲ್ಲಿಂದ ಬರ್ತೈತಿ ಗೊತ್ತೈತಿ, ಎಲ್ಲಿಗೆ ಹೊಕ್ಕೈತಿ ಗೊತ್ತಾಗವಲ್ದು” ಅಂದಳು. ಅವತ್ತಿನಿಂದ ದಿನಾ ರಾತ್ರಿ ಊಟ ಆದ ಮೇಲೆ ಅವ್ವ ಹೇಳುವುದು, ನಾನು ಬರೆಯುವುದು. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಅಪ್ಪನ ಒಂದು ಖರ್ಚನ್ನು ಮಾತ್ರ ‘ಇತರೆ’ ಎಂದು ಬರೆಯುತ್ತೇನೆ. ಅದು ಏನು ಅಂತ ಅಪ್ಪನಿಗೂ ನನಗೂ ಗೊತ್ತು, ಗೋಡೆಗೆ ಗೊತ್ತಾಗುವುದು ಬೇಡ.

ಮೊದಲ ಪುಟದಲ್ಲಿಯೇ ಬಿತ್ತನೆ ಖರ್ಚು ಬಂತು. ನಮ್ಮದು ಮೂರು ಎಕರೆ. ಬೀಜದ ಪಾಕೀಟು 6, ಒಂದಕ್ಕೆ 1,500ರಂತೆ 9,000 ರೂಪಾಯಿ. ಡಿಎಪಿ 4 ಚೀಲ, ಒಂದಕ್ಕೆ 1,350ರಂತೆ 5,400. ಯೂರಿಯಾ 6 ಚೀಲ, ಒಂದಕ್ಕೆ 266 ರೂಪಾಯಿ 50 ಪೈಸೆಯಂತೆ 1,599. ಟ್ರ್ಯಾಕ್ಟರ್ ಬಾಡಿಗೆ 4,000. ಎಲ್ಲಾ ಕೂಡಿಸಿದರೆ 20,000ಕ್ಕೆ ಒಂದೇ ರೂಪಾಯಿ ಕಡಿಮೆ. ಆಗ ಮನೆಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಶಾಲೆ ಶುರುವಾಗುವುದೂ ಜೂನ್‌ನಲ್ಲಿಯೇ, ಬಿತ್ತುವುದೂ ಜೂನ್‌ನಲ್ಲಿಯೇ. ಆದ್ದರಿಂದ ಅಪ್ಪ 20,000 ರೂಪಾಯಿ ಕೈಗಡ ತಂದ, ಮೂರು ರೂಪಾಯಿ ಬಡ್ಡಿಗೆ.

‘ಮೂರು ರೂಪಾಯಿ ಬಡ್ಡಿ’ ಎಂದರೆ ಕೇಳುವುದಕ್ಕೆ ಸಣ್ಣದು. ಆದರೆ ಅದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ವರ್ಷಕ್ಕೆ ನೂರಕ್ಕೆ 36. ಬ್ಯಾಂಕಿನಲ್ಲಿ ಕಿಸಾನ್ ಕಾರ್ಡಿನ ಬೆಳೆ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 7, ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ 4. ಗಣಿತದ ಪುಸ್ತಕದಲ್ಲಿ ಸರಳ ಬಡ್ಡಿ ಪಾಠ ಎಲ್ಲರೂ ಮಾಡಿದ್ದೇವೆ. ಅದರಲ್ಲಿ ಬಡ್ಡಿ ದರ ಯಾವಾಗಲೂ ವರ್ಷಕ್ಕೆ ಕೊಟ್ಟಿರುತ್ತಾರೆ. ಊರಲ್ಲಿ ಬಡ್ಡಿ ಹೇಳುವುದು ತಿಂಗಳಿಗೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಆ ಪಾಠ ಕಲಿತದ್ದು ಸಾರ್ಥಕ.

ನವೆಂಬರ್‌ನಲ್ಲಿ 38 ಕ್ವಿಂಟಲ್ ಮೆಕ್ಕೆಜೋಳ ಬಂತು. 2,100ರಂತೆ ಮಾರಿ 79,800 ರೂಪಾಯಿ ಸಿಕ್ಕಿತು. ಜೂನ್ ಸಾಲಕ್ಕೆ ಆರು ತಿಂಗಳ ಬಡ್ಡಿ 3,600 ಸೇರಿಸಿ 23,600 ಕೊಟ್ಟೆವು. ಇದಲ್ಲದೆ ನಮಗೆ 30,000 ರೂಪಾಯಿ ಹಳೆ ಸಾಲವೂ ಇತ್ತು. ಅದು 2023ರ ಬರಗಾಲದ್ದು. ಆ ವರ್ಷ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು, ನಿಮಗೆ ನೆನಪಿರಬಹುದು. ಆ ಸಾಲಕ್ಕೆ ತಿಂಗಳಿಗೆ 900ರಂತೆ ವರ್ಷಕ್ಕೆ 10,800 ಬಡ್ಡಿ. ಎರಡೂ ಸೇರಿ ಒಂದು ವರ್ಷದ ಬಡ್ಡಿ 14,400 ರೂಪಾಯಿ.

ಈಗ ಎಮ್ಮೆಯ ವಿಷಯ. ನಮ್ಮ ಎಮ್ಮೆ ಆರು ತಿಂಗಳು ಹಿಂಡಿತು. ಮನೆಗೆ ಇಟ್ಟುಕೊಂಡು ದಿನಾ 2 ಲೀಟರ್ ಮಾರಿದೆವು. ಲೀಟರಿಗೆ 40 ರೂಪಾಯಿ. 180 ದಿನಕ್ಕೆ ಎಷ್ಟಾಯಿತು ಗುಣಿಸಿ ನೋಡಿ. ಸರಿಯಾಗಿ 14,400! ನಾನು ಈ ಎರಡು ಅಂಕಿ ಅಕ್ಕಪಕ್ಕ ಬರೆದು ಅವ್ವನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಮೇವು ಹಾಕಿದ್ದು ನಾವು, ಸಗಣಿ ಬಳಿದಿದ್ದು ನಾವು, ಹಾಲು ಕುಡಿದಿದ್ದು ಬಡ್ಡಿ” ಅಂದಳು. ಅಪ್ಪನಿಗೆ ನಗು ಬಂತು, ಆದರೆ ನಗಲಿಲ್ಲ.

ಅಲ್ಲಿಯ ತನಕ ನಾವು ಉಳಿತಾಯ ಅಂದರೆ ಸಣ್ಣ ಖರ್ಚು ಕಡಿಮೆ ಮಾಡುವುದು ಎಂದು ತಿಳಿದಿದ್ದೆವು. ಚಹಾಕ್ಕೆ ಸಕ್ಕರೆ ಕಡಿಮೆ, ಸಂತೆಯಲ್ಲಿ ವಗ್ಗರಣಿ ಮೆಣಸಿನಕಾಯಿ ಬೇಡ, ತಮ್ಮನಿಗೆ ಬಿಸ್ಕೀಟು ಬೇಡ. ಲೆಕ್ಕದ ಪುಸ್ತಕ ನೋಡಿದರೆ ಇವೆಲ್ಲ ಸೇರಿ ವರ್ಷಕ್ಕೆ ಎರಡು ಸಾವಿರವೂ ಉಳಿಯುವುದಿಲ್ಲ. ಅವು ಮೊದಲೇ ಸಣ್ಣವು. ದೊಡ್ಡ ತೂತು ಇದ್ದದ್ದು ಬಡ್ಡಿಯಲ್ಲಿ. ಆ ಬಡ್ಡಿ ಹುಟ್ಟಿದ್ದು ನವೆಂಬರ್‌ನಲ್ಲಿ ಇದ್ದ ದುಡ್ಡು ಜೂನ್ ತನಕ ನಿಲ್ಲದೆ ಇದ್ದುದರಿಂದ. ನಮ್ಮಂಥ ಮನೆಯಲ್ಲಿ ಉಳಿತಾಯ ಅಂದರೆ ನವೆಂಬರ್ ದುಡ್ಡನ್ನು ಜೂನಿಗೆ ದಾಟಿಸುವುದು. ನನ್ನ ಲೇಖನದ ಮುಖ್ಯ ಮಾತು ಇಷ್ಟೇ.

ಎಲ್ಲರ ಮನೆಗೂ ಇದೇ ಲೆಕ್ಕ ಹೊಂದುವುದಿಲ್ಲ. ಹಡಗಲಿ ಕಡೆ ನಮ್ಮ ಅತ್ತೆಯವರು ಮಲ್ಲಿಗೆ ಹಾಕಿದ್ದಾರೆ. ಹೂವಿನ ಕಾಲದಲ್ಲಿ ಅವರ ಕೈಯಲ್ಲಿ ವಾರ ವಾರವೂ ದುಡ್ಡು ಆಡುತ್ತದೆ. ಅಂಥವರು ಬಂದಾಗಲೇ ಸ್ವಲ್ಪ ಸ್ವಲ್ಪ ತೆಗೆದಿಡಬೇಕು. ಇದಕ್ಕೆಂದೇ 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದರು. ಟಿ.ಎಂ.ಎ. ಪೈ ಅವರು ಆ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು. ಏಜೆಂಟರು ದಿನಾ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಎರಡಾಣೆ ಎಂದರೆ ರೂಪಾಯಿಯಲ್ಲಿ ಎಂಟನೇ ಒಂದು ಭಾಗ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ‘ಪಿಗ್ಮಿ’ ಎಂಬ ಮಾತು ನಮ್ಮ ಪೇಟೆಗಳಲ್ಲಿ ಹಾಗೆಯೇ ಉಳಿದಿದೆ. ದುಡ್ಡು ಕೈಗೆ ಬಂದ ದಿನವೇ ಕೈಯಿಂದ ದೂರ ಹೋಗಬೇಕು, ಅದೇ ಅದರ ಗುಟ್ಟು. ದಿನಾ ದುಡಿಯುವವರಿಗೆ ದಿನಾ, ನಮ್ಮಂಥವರಿಗೆ ಮೆಕ್ಕೆಜೋಳ ಮಾರಿದ ದಿನ.

ಹಾಗೆಯೇ ಮಾಡಿದೆವು. ಮೆಕ್ಕೆಜೋಳದ ದುಡ್ಡಿನಲ್ಲಿ ಸಾಲ, ಕೂಲಿ, ಮಿಷನ್ ಬಾಡಿಗೆ ಕೊಟ್ಟ ಮೇಲೆ ಅವ್ವ ಮೊದಲು 20,000 ಎಣಿಸಿ ಬೇರೆ ಇಟ್ಟಳು. ಮರುದಿನ ಕೊಟ್ಟೂರಿಗೆ ಹೋಗಿ ಅಂಚೆ ಕಚೇರಿಯಲ್ಲಿ ತನ್ನ ಖಾತೆಗೆ ಹಾಕಿ ಬಂದಳು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಚಾರ್ಜು ಇಲ್ಲವಾದ್ದರಿಂದ ಆ ಖರ್ಚೂ ಇಲ್ಲ. ಮೊದಲೆಲ್ಲ ಅವ್ವ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಡಬ್ಬಿಯಲ್ಲಿ ಇದ್ದ ದುಡ್ಡು ಕೇಳಿದವರಿಗೆಲ್ಲ ಸಿಗುತ್ತದೆ. ಕೊಟ್ಟೂರಿನಲ್ಲಿ ಇದ್ದ ದುಡ್ಡು ಕೇಳಿದರೆ, “ನಾಳೆ ಹೋಗಿ ತರಬೇಕಪ್ಪ” ಅನ್ನಬಹುದು. ಆ ‘ನಾಳೆ’ಯೇ ಅರ್ಧ ಉಳಿತಾಯ.

ಫೆಬ್ರವರಿ ಬಂತು. ನಮ್ಮ ಕಡೆ ಫೆಬ್ರವರಿ ಎಂದರೆ ಗೊತ್ತಲ್ಲ, ಮೈಲಾರದ ಕಾರಣಿಕ, ಕೊಟ್ಟೂರಿನ ತೇರು. ದಾವಣಗೆರೆ ಕಡೆಯಿಂದ ನಡೆದುಕೊಂಡು ಬರುವ ನೆಂಟರು ನಮ್ಮ ಮನೆಗೂ ಬರುತ್ತಾರೆ. ಅವ್ವ, “ಜಾತ್ರಿಗೆ ಐದು ಸಾವಿರ, ಅದರ ಮ್ಯಾಲೆ ಒಂದು ರೂಪಾಯಿ ಇಲ್ಲ” ಅಂದಾಗ ಅಜ್ಜಿಗೆ ಸಿಟ್ಟು ಬಂತು. “ತೇರಿಗೆ ಬಂದವರಿಗೆ ಹೋಳಿಗಿ ಹಾಕಲಿಲ್ಲಂದ್ರ ಅದೂ ಒಂದು ಮನೀನಾ?” ಅಂದಳು. ಅಜ್ಜಿಯ ಮಾತೂ ಸುಳ್ಳಲ್ಲ. ನಮ್ಮ ಮನೆಗೆ ಕಷ್ಟ ಬಂದಾಗ ಕಾಳುಕಡಿ ಕೊಟ್ಟು ಕಾಪಾಡಿದ್ದು ಅದೇ ನೆಂಟರು. ಕೊನೆಗೆ ಹೋಳಿಗೆ ಆಯಿತು, ನೆಂಟರು ಉಂಡರು. ಹೊಸ ಬಟ್ಟೆ ತರಲಿಲ್ಲ, ದೀಪಾವಳಿಯ ಬಟ್ಟೆಯನ್ನೇ ಹಾಕಿಕೊಂಡೆವು. ತೇರಿನಲ್ಲಿ ನಮ್ಮ ಬಟ್ಟೆಯನ್ನು ಯಾರೂ ಮುಟ್ಟಿ ನೋಡಲಿಲ್ಲ.

ಮಾರ್ಚ್‌ನಲ್ಲಿ ಅಜ್ಜಿಗೆ ಜ್ವರ ಬಂದು ದಾವಣಗೆರೆಗೆ ಕರೆದುಕೊಂಡು ಹೋದಾಗ 20,000ದಲ್ಲಿ 4,000 ತೆಗೆಯಬೇಕಾಯಿತು. ಅದಕ್ಕೆ ಯಾರೂ ಎರಡು ಮಾತು ಆಡಲಿಲ್ಲ.

2025ರ ಮೇ ಕೊನೆಗೆ ವರ್ಷದ ಲೆಕ್ಕ ಮುಗಿಸಿದೆ. ಬಂದದ್ದು ಹೀಗೆ: ಮೆಕ್ಕೆಜೋಳ 79,800. ಗೃಹಲಕ್ಷ್ಮಿ ತಿಂಗಳಿಗೆ 2,000ದಂತೆ 24,000. ಅವ್ವನ ಕೂಲಿ 15,000. ಹಾಲು 14,400. ಉದ್ಯೋಗ ಖಾತ್ರಿ 40 ದಿನ, ಆ ವರ್ಷದ ಕೂಲಿ 349ರಂತೆ 13,960. ಒಟ್ಟು 1,47,160 ರೂಪಾಯಿ. ಹೋದದ್ದು ಹೀಗೆ: ಹೊಲಕ್ಕೆ 36,500. ಕಿರಾಣಿ, ಎಣ್ಣೆ, ತರಕಾರಿ 30,000. ಬಡ್ಡಿ 14,400. ಹಬ್ಬ ಜಾತ್ರೆ 10,500. ಶಾಲೆ, ಬಟ್ಟೆ 9,500. ಆಸ್ಪತ್ರೆ 9,200. ಗ್ಯಾಸು, ಫೋನು 7,400. ಇತರೆ 7,360. ಮದುವೆ ಮುಯ್ಯಿ 6,300. ಒಟ್ಟು 1,31,160. ಉಳಿದದ್ದು 16,000. ಹೊಲ ಬಿಟ್ಟರೆ, ಊಟ ಬಿಟ್ಟರೆ, ಮೂರನೇ ದೊಡ್ಡ ಖರ್ಚು ಬಡ್ಡಿ. ಆಸ್ಪತ್ರೆಗಿಂತ ಹೆಚ್ಚು, ನಮ್ಮ ಓದಿಗಿಂತ ಹೆಚ್ಚು.

ಜೂನ್‌ನಲ್ಲಿ ಬಿತ್ತನೆಗೆ ಆ 16,000 ತೆಗೆದೆವು. ಕಡಿಮೆ ಬಿದ್ದ 4,000ವನ್ನು ಅವ್ವ ತನ್ನ ಮಹಿಳಾ ಸಂಘದಲ್ಲಿ ಒಂದು ರೂಪಾಯಿ ಬಡ್ಡಿಗೆ ತಂದಳು. ನವೆಂಬರ್‌ನಲ್ಲಿ ತೀರಿಸುವಾಗ ಬಡ್ಡಿ 240 ರೂಪಾಯಿ ಆಯಿತು. ಹಿಂದಿನ ವರ್ಷ 3,600 ಇದ್ದದ್ದು ಈ ವರ್ಷ 240. ಉಳಿದ 3,360ನ್ನು ಹಳೆ ಸಾಲದ ಅಸಲಿಗೆ ಕಟ್ಟಿದೆವು.

ಇನ್ನೊಂದು ಲಾಭ ನಾವು ಎಣಿಸಿರಲಿಲ್ಲ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ಬೆಲೆ ಬಿದ್ದುಹೋಯಿತು. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಕೇಳಿದರು. ಸಾಲ ಇದ್ದವರು ಕೇಳಿದಷ್ಟಕ್ಕೆ ಕೊಟ್ಟರು, ಏಕೆಂದರೆ ಬಡ್ಡಿ ಕಾಯುವುದಿಲ್ಲ. ನಾವು ಸಂಘದ 4,240 ಮತ್ತು ಕೂಲಿಯವರ ದುಡ್ಡಿಗೆ ಬೇಕಾದಷ್ಟು ಮಾತ್ರ ಮಾರಿ ಉಳಿದದ್ದನ್ನು ಚೀಲ ಕಟ್ಟಿ ಇಟ್ಟೆವು. ಸಾಲ ಇಲ್ಲದವನಿಗೆ ತಡೆದು ನೋಡುವ ಶಕ್ತಿ ಬರುತ್ತದೆ ಎಂದು ಅಪ್ಪ ಹೇಳಿದ.

ನನಗೆ ಇದಕ್ಕಿಂತ ದೊಡ್ಡ ವಿಷಯ ಇದೆ. 2023ರ ಡಿಸೆಂಬರ್‌ನಲ್ಲಿ ಅಪ್ಪ ಅವ್ವ ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡು ಚಿಕ್ಕಮಗಳೂರು ಕಡೆ ಕಾಫಿ ಹಣ್ಣು ಬಿಡಿಸಲು ಗುಳೆ ಹೋಗಿದ್ದರು. ನಾನು ಅಜ್ಜಿ ಹತ್ತಿರ ಉಳಿದೆ. ತಮ್ಮ ಸಣ್ಣವನು, ಅವನನ್ನು ಜೊತೆಗೆ ಕರೆದುಕೊಂಡು ಹೋದರು. ಮೂರು ತಿಂಗಳು ಅವನಿಗೆ ಶಾಲೆ ತಪ್ಪಿತು. ಬಂದ ಮೇಲೆ ಅವನಿಗೆ ಒತ್ತಕ್ಷರ ಎಲ್ಲ ಮರೆತುಹೋಗಿತ್ತು. ಈಗ ಎರಡು ವರ್ಷದಿಂದ ಗುಳೆ ಹೋಗಿಲ್ಲ. ಅವನು ಈ ಗೋಡೆ ಪತ್ರಿಕೆಯನ್ನು ಕಾಗುಣಿತ ಕೂಡಿಸಿ ತಾನೇ ಓದುತ್ತಾನೆ. ನಾನು ಹತ್ತನೇ ತರಗತಿ ಮುಗಿಸಿ ಕೊಟ್ಟೂರಿನಲ್ಲಿ ಪಿಯುಸಿಗೆ ಹೋಗಬೇಕು ಅಂತ ಇದ್ದೇನೆ. ಅದೂ ಜೂನ್‌ನಲ್ಲಿಯೇ ಶುರುವಾಗುತ್ತದೆ. ಆದ್ದರಿಂದ ಈ ವರ್ಷ ಅವ್ವ 20,000ದ ಜೊತೆಗೆ ಇನ್ನೂ 3,000 ಸೇರಿಸಿ ಇಡಬೇಕೆಂದು ಹೇಳಿದ್ದಾಳೆ.

ಇನ್ನು ಮಾಡಬೇಕಾದ ಒಂದು ಕೆಲಸ ಬಾಕಿ ಇದೆ. ನಮ್ಮ ಹೊಲದ ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇದೆ. ಹೆಸರು ಬದಲಾಗದೆ ಅಪ್ಪನಿಗೆ ಬೆಳೆ ಸಾಲ ಸಿಗುವುದಿಲ್ಲ. ಸಹಕಾರ ಸಂಘಗಳಲ್ಲಿ ರೈತರಿಗೆ ಬಡ್ಡಿ ಇಲ್ಲದ ಬೆಳೆ ಸಾಲ ಇದೆ. ಅದರ ಮಿತಿಯನ್ನು 2023ರಲ್ಲಿ ರಾಜ್ಯ ಸರ್ಕಾರ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇಂಥ ಸಂಘ ನಮ್ಮ ದೇಶದಲ್ಲಿ ಮೊದಲು ಹುಟ್ಟಿದ್ದು ದೂರದಲ್ಲೇನೂ ಅಲ್ಲ, ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅಷ್ಟು ಹತ್ತಿರ ಇರುವುದು ನಮಗೆ ದಕ್ಕಬೇಕಾದರೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಒಂದು ದಿನ ಕೂತು ಪೌತಿ ಖಾತೆಗೆ ಅರ್ಜಿ ಹಾಕಬೇಕು. ಯುಗಾದಿಗೆ ಎಲ್ಲರೂ ಸೇರಿದಾಗ ಮಾತಾಡುವುದು ಎಂದಾಗಿದೆ. ನಿಮ್ಮ ಮನೆಯ ಪಹಣಿ ಯಾರ ಹೆಸರಿನಲ್ಲಿದೆ, ಒಮ್ಮೆ ಕೇಳಿ ನೋಡಿ.

ಗೆಳೆಯರೇ, ನೀವೂ ಒಂದು ನೋಟುಬುಕ್ಕು ಇಡಿ. ಬಂದದ್ದು ಒಂದು ಕಡೆ, ಹೋದದ್ದು ಒಂದು ಕಡೆ, ಬಡ್ಡಿಯನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಬರೆಯಿರಿ. ಹತ್ತು ವರ್ಷ ತುಂಬಿದವರು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿಯೇ 500 ರೂಪಾಯಿಗೆ ಉಳಿತಾಯ ಖಾತೆ ತೆರೆಯಬಹುದು. ಮನೆಯಲ್ಲಿ ದೊಡ್ಡವರ ಖರ್ಚನ್ನು ಪ್ರಶ್ನೆ ಮಾಡಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಸುಮ್ಮನೆ ಬರೆದು ತಿಂಗಳಿಗೊಮ್ಮೆ ಓದಿ ಹೇಳಿ. ಅಂಕಿಗಳೇ ಮಾತಾಡುತ್ತವೆ.

ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ಲೆಕ್ಕ ಎಲ್ಲಾದರೂ ತಪ್ಪಿದ್ದರೆ ಗಣಿತದ ಗುರುಗಳು ತಿದ್ದಬೇಕೆಂದು ವಿನಂತಿ.

— ಹತ್ತನೇ ತರಗತಿ ವಿದ್ಯಾರ್ಥಿನಿ