ನೆಲದ ಮೇಲೆ ನಿಂತವನು

ಮಗಳ ಗೆಳತಿಯ ಹುಟ್ಟುಹಬ್ಬಕ್ಕೆ ಬಂದಿದ್ದ ಜಾದೂಗಾರ ಚೀಲದಿಂದ ಹಗ್ಗ ತೆಗೆದು, ‘ಇದು ಭಾರತದ ಹಗ್ಗದ ವಿದ್ಯೆ’ ಎಂದು ಸಾರಿದ. ಮಕ್ಕಳೆಲ್ಲ ನಮ್ಮಿಬ್ಬರ ಕಡೆ ತಿರುಗಿದರು. ಮನೆಗೆ ಬರುವಾಗ ಮಗಳು ಕೇಳಿದಳು: ‘ಅಪ್ಪಾ, ನೀನು ನಿಜವಾದ್ದನ್ನ ನೋಡಿದೀಯಾ?’

ನೋಡಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ನನ್ನ ಶನಿವಾರಗಳು ಕಳೆಯತೊಡಗಿದವು.

ಮೊದಲು ಸಿಕ್ಕಿದ್ದು ಸುಳ್ಳು. 1890ರ ಆಗಸ್ಟ್‌ನಲ್ಲಿ ‘ಷಿಕಾಗೋ ಟ್ರಿಬ್ಯೂನ್’ ಒಂದು ವರದಿ ಅಚ್ಚು ಹಾಕಿತು. ಭಾರತದಲ್ಲಿ ಫಕೀರನೊಬ್ಬ ದಾರವನ್ನು ಮೇಲಕ್ಕೆಸೆದನಂತೆ, ಹುಡುಗನೊಬ್ಬ ಅದನ್ನು ಹತ್ತಿ ಮಾಯವಾದನಂತೆ. ಕ್ಯಾಮೆರಾದಲ್ಲಿ ಮಾತ್ರ ಏನೂ ಮೂಡಿರಲಿಲ್ಲವಂತೆ. ನಾಲ್ಕು ತಿಂಗಳಾದ ಮೇಲೆ ಅದು ಕಟ್ಟುಕತೆಯೆಂದು ಪತ್ರಿಕೆಯೇ ಒಪ್ಪಿಕೊಂಡಿತು. ಬರೆದ ಜಾನ್ ವಿಲ್ಕಿ ಮುಂದೆ ಅಮೆರಿಕದ ಸೀಕ್ರೆಟ್ ಸರ್ವಿಸ್‌ನ ಮುಖ್ಯಸ್ಥನಾದ! ಕತೆ ಲೋಕ ಸುತ್ತಿತು, ತಪ್ಪೊಪ್ಪಿಗೆ ಮನೆಯಲ್ಲೇ ಉಳಿಯಿತು. 1934ರಲ್ಲಿ ಲಂಡನ್ನಿನ ಮ್ಯಾಜಿಕ್ ಸರ್ಕಲ್‌ನವರು ಈ ವಿದ್ಯೆ ತೋರಿಸಿದವರಿಗೆ 500 ಗಿನಿ ಕೊಡುತ್ತೇವೆಂದರು. ಯಾರಿಗೂ ದಕ್ಕಲಿಲ್ಲ.

ಹಾಗೆಂದು ಪುಸ್ತಕ ಮುಚ್ಚುವಂತಿರಲಿಲ್ಲ. ವಿಲ್ಕಿಗಿಂತ ಸಾವಿರ ವರ್ಷ ಹಿಂದೆಯೇ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಕತ್ತಿ ಗುರಾಣಿ ಹಿಡಿದು ದಾರ ಹತ್ತುವ ಮಾಯಾವಿಯ ದೃಷ್ಟಾಂತ ಕೊಟ್ಟಿದ್ದಾರೆ. ಮೇಲೆ ಹತ್ತಿದಂತೆ ಕಾಣುವವನು ಬೇರೆ. ನಿಜವಾದ ಮಾಯಾವಿ ನೆಲದ ಮೇಲೆಯೇ ನಿಂತಿರುತ್ತಾನೆ.

ಅಲ್ಲಿಂದಾಚೆ ನಾನು ನೆಲದ ಮೇಲೆ ನಿಂತವನನ್ನು ಹುಡುಕಿದೆ. ಸಿಕ್ಕಿದವನು ರಾಮೋ ಸಾಮೀ, ಅಂದರೆ ನಮ್ಮ ರಾಮಸ್ವಾಮಿಯೇ ಇರಬೇಕು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ರಂಗಗಳಲ್ಲಿ ಕತ್ತಿ ನುಂಗುತ್ತಿದ್ದ, ಬಾಯೊಳಗೇ ಮಣಿ ಪೋಣಿಸುತ್ತಿದ್ದ. ಹಿತ್ತಾಳೆ ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ಭಾರತೀಯರನ್ನು ಕಂಡ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್, ಇಷ್ಟು ಚೊಕ್ಕವಾಗಿ ತಾನು ಏನು ತಾನೇ ಮಾಡಬಲ್ಲೆ ಎಂದು ನಾಚಿಕೊಂಡು ಬರೆದ. ಆದರೆ 1850ರಲ್ಲಿ ರಾಮೋ ಸಾಮೀ ಈ ಊರಿನಲ್ಲೇ ತೀರಿಕೊಂಡಾಗ, ಮಣ್ಣು ಮಾಡಲು ದುಡ್ಡಿಲ್ಲದೆ ಹೆಂಡತಿ ಪತ್ರಿಕೆಯ ಮೂಲಕ ನೆರವು ಬೇಡಬೇಕಾಯಿತು.

ಅದನ್ನು ಓದಿದ ದಿನ ನನಗೆ ಮುಂದೆ ಓದಲಾಗಲಿಲ್ಲ. ನೆನಪಾದದ್ದು ಅರಸೀಕೆರೆಯ ಸಂತೆ.

ನನಗಾಗ ಹತ್ತು ವರ್ಷ. ಗಾರುಡಿಗನೊಬ್ಬ ಮಗನನ್ನು ಬುಟ್ಟಿಯಲ್ಲಿ ಕೂರಿಸಿ, ಬಟ್ಟೆ ಮುಚ್ಚಿ, ಕತ್ತಿ ಚುಚ್ಚುತ್ತಿದ್ದ. ಹೆಂಗಸರು ಅಯ್ಯೋ ಎನ್ನುತ್ತಿದ್ದರು. ಬುಟ್ಟಿಯ ಹೊಟ್ಟೆ ಬಾಯಿಗಿಂತ ಅಗಲವಾಗಿದ್ದುದು ನನ್ನ ಕಣ್ಣಿಗೆ ಬಿತ್ತು. ‘ಹುಡುಗ ಅಂಚಿಗೆ ಸುತ್ತಿಕೊಂಡು ಮಲಗವ್ನೆ! ಕತ್ತಿ ನಡುಮಧ್ಯ ಹೋಗ್ತದೆ!’ ಎಂದು ಕೂಗಿಬಿಟ್ಟೆ. ಜನ ನಕ್ಕರು. ಯಾರೋ ನನ್ನ ಬೆನ್ನು ತಟ್ಟಿ ‘ಭಾರೀ ಚುರುಕು’ ಎಂದರು. ತಟ್ಟೆ ಹಿಡಿದು ಬರುವಷ್ಟರಲ್ಲಿ ಗುಂಪು ಕರಗಿತ್ತು.

ಗಾರುಡಿಗ ಬೈಯಲಿಲ್ಲ. ‘ಹೊಟ್ಟೆ ಮೇಲೆ ಹೊಡೆದ್ಯಲ್ಲೋ ಮಗಾ’ ಎಂದ, ಅಷ್ಟೆ. ಬುಟ್ಟಿಯಿಂದ ಎದ್ದ ಹುಡುಗ ನನ್ನ ವಯಸ್ಸಿನವನೇ. ಮೊಣಕೈ ತರಚಿತ್ತು. ಆ ಚುರುಕುತನದಿಂದಲೇ ನಾನು ಓದಿದೆ, ಸೀಮೆ ದಾಟಿದೆ. ಅವನ ಕತೆ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಒಬ್ಬ ಮೂರು ಬಟ್ಟಲಲ್ಲಿ ಚೆಂಡು ಆಡಿಸುತ್ತಿದ್ದ. ಮಗಳು ನನ್ನ ತೋಳು ಜಗ್ಗಿ, ‘ಅಪ್ಪಾ, ಚೆಂಡು ಅವನ ಕೈಯಲ್ಲೇ ಇದೆ, ಹೇಳ್ಲಾ?’ ಎಂದಳು.

‘ಮೊದಲು ಇದನ್ನ ಅವನ ಟೋಪಿಗೆ ಹಾಕಿ ಬಾ’ ಎಂದು ಐದು ಪೌಂಡ್ ಕೊಟ್ಟೆ. ‘ಆಮೇಲೆ ನನ್ನ ಕಿವೀಲಿ ಹೇಳು.’