ಹಿಂದ ಕುಂತ ಹುಡುಗ್ರು

ವಾರ್ ಥಂಡರ್ ಆಡುವವರಲ್ಲಿ ಎರಡು ಜಾತಿ. ದೊಡ್ಡ ಟ್ಯಾಂಕ್ ತೆಗೆದುಕೊಂಡು ದಿಬ್ಬದ ಹಿಂದೆ ನಿಂತು, ಏಳೆಂಟು ಸೆಕೆಂಡಿಗೊಂದು ಗುಂಡು ಹೊಡೆಯುವವರದು ಒಂದು. ಹಗುರ ಗಾಡಿಯಲ್ಲಿ ಸಂದಿಗೊಂದಿ ನುಗ್ಗಿ, ಎದುರಾಳಿಯ ಪಕ್ಕೆ ಕಂಡದ್ದೇ ಡಬಡಬ ಸುರಿದು ಓಡಿಹೋಗುವವರದು ಇನ್ನೊಂದು. ನಾನು ಎರಡನೆಯವನು. ನನ್ನ ಗಾಡಿ ಬಿಎಂಪಿ-2. ಅದರ ಮೇಲಿರುವುದು 2ಎ42 ಎಂಬ 30 ಮಿ.ಮೀ. ಆಟೋಕ್ಯಾನನ್.

ಆಟೋಕ್ಯಾನನ್‌ಗೆ ಕನ್ನಡದಲ್ಲಿ ಏನನ್ನುವುದು? ಮಷಿನ್ ಗನ್ನಿಗಿಂತ ದೊಡ್ಡದು, ಟ್ಯಾಂಕಿನ ತೋಪಿಗಿಂತ ಸಣ್ಣದು. ತೋಪು ಅಂದರೆ ನಮ್ಮಲ್ಲಿ ಮಾವಿನ ತೋಪೂ ಹೌದು, ಸಿಡಿಯುವ ತೋಪೂ ಹೌದು. ಫಿರಂಗಿ ಅಂದರೆ ಆಯುಧವೂ ಹೌದು, ಅದನ್ನು ಹೊತ್ತು ತಂದ ಪರದೇಶಿಯೂ ಹೌದು. ಪದಗಳು ಇಷ್ಟು ಉದಾರವಾಗಿರುವಾಗ ಹೊಸದೊಂದನ್ನು ಕಟ್ಟುವ ಉಸಾಬರಿ ಯಾಕೆಂದು ನಾನೂ ತೋಪು ಎಂದೇ ಕರೆಯುತ್ತೇನೆ.

ಈ ತೋಪಿನ ಜಾಣತನ ಇರುವುದು ಅದಕ್ಕೆ ಗುಂಡು ಉಣಿಸುವ ರೀತಿಯಲ್ಲಿ. ಎರಡು ಕಡೆಯಿಂದ ಎರಡು ಪಟ್ಟಿ ಬರುತ್ತವೆ. ಒಂದರಲ್ಲಿ ಉಕ್ಕನ್ನು ತೂತು ಮಾಡುವ ಗುಂಡುಗಳು, ಇನ್ನೊಂದರಲ್ಲಿ ಬಿದ್ದಲ್ಲಿ ಸಿಡಿಯುವವು. ಸ್ವಿಚ್ ತಿರುಗಿಸಿದರೆ ಪಟ್ಟಿ ಬದಲು. ನಿಧಾನವಾಗಿ ಹೊಡೆದರೆ ನಿಮಿಷಕ್ಕೆ 200ರಿಂದ 300, ಜೋರಾಗಿ ಹೊಡೆದರೆ 550ಕ್ಕೂ ಮೇಲೆ. ಗಾಡಿಯಲ್ಲಿರುವುದು ಒಟ್ಟು 500 ಗುಂಡು: ತೂತು ಮಾಡುವವು 160, ಸಿಡಿಯುವವು 340. ಲೆಕ್ಕ ಹಾಕಿ ನೋಡಿ, ಬೆರಳು ಎತ್ತದೆ ಹೊಡೆದರೆ ಒಂದು ನಿಮಿಷ ತುಂಬುವ ಮೊದಲೇ ಎಲ್ಲ ಖಾಲಿ. ಅಷ್ಟರಲ್ಲಿ ನಳಿಗೆಯೂ ಕೆಂಡವಾಗಿರುತ್ತದೆ. ಆಟದಲ್ಲಿ ಅದಕ್ಕೊಂದು ಸುಲಭ ದಾರಿಯಿದೆ. ನಮ್ಮ ಕಡೆಯವರು ಹಿಡಿದಿರುವ ವೃತ್ತದೊಳಗೆ ಹೋಗಿ ಸುಮ್ಮನೆ ನಿಂತರೆ ಮದ್ದುಗುಂಡು ತಾನಾಗಿ ತುಂಬಿಕೊಳ್ಳುತ್ತದೆ.

ಇದನ್ನು ಕೇಳಿ ನಮ್ಮ ದೊಡ್ಡಪ್ಪ ಬಹಳ ಹೊತ್ತು ನಕ್ಕರು. ಆ ಪಟ್ಟಿಯನ್ನು ಒಂದೊಂದೇ ಗುಂಡು ಕೊಂಡಿ ಹಾಕಿ ಜೋಡಿಸಿ, ಇಕ್ಕಟ್ಟಿನಲ್ಲಿ ಬಗ್ಗಿ ಒಳಗೆ ಇಳಿಸಿದ ಕೈಗಳು ಅವರವು. ‘ಬೆರಳಿನ ಉಗುರು ಹೋಗ್ತಿದ್ವು ತಮ್ಮಾ, ನಿಂತರ ತುಂಬತೈತೇನು?’ ಎಂದರು.

ದೊಡ್ಡಪ್ಪ ಮೆಕನೈಸ್ಡ್ ಇನ್‌ಫೆಂಟ್ರಿಯಲ್ಲಿ ಇದ್ದವರು. 1979ರಲ್ಲಿ ಹುಟ್ಟಿದ ರೆಜಿಮೆಂಟು ಅದು, ಅದರ ಕೇಂದ್ರ ಇರುವುದು ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ. ಸೋವಿಯತ್ ದೇಶದ ಬಿಎಂಪಿ-2ನ್ನು ನಮ್ಮ ಮೇದಕ್‌ನ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಮಾಡತೊಡಗಿದಾಗ ಅದಕ್ಕೆ ‘ಸಾರಥ್’ ಎಂದು ಹೆಸರಿಟ್ಟರು. ಮೊದಲ ಗಾಡಿ ಹೊರಬಂದದ್ದು 1987ರಲ್ಲಿ. ದೊಡ್ಡಪ್ಪ ಮೊದಲು ಅದರ ಹಿಂಭಾಗದಲ್ಲಿ ಕೂತವರು, ಆಮೇಲೆ ಗನ್ನರ್ ಆದವರು. ಬಿಕಾನೇರ್ ಕಡೆಯ ಮಹಾಜನ್ ರೇಂಜಿನ ಮರಳು, ಬಿಸಿಲು, ಮದ್ದಿನ ವಾಸನೆ, ಇವಿಷ್ಟರ ಬಗ್ಗೆ ಊಟದ ಹೊತ್ತಿಗೆ ಹೇಳುತ್ತಾರೆ. ಉಳಿದದ್ದನ್ನು ಹೇಳುವುದಿಲ್ಲ. ಅವರ ಕಿವಿ ಈಗ ಮಂದ. ಅದು ವಯಸ್ಸಿನದೋ ತೋಪಿನದೋ ಎಂದು ಕೇಳಿದರೆ ‘ಎರಡೂ ಪಾಲುದಾರರು’ ಅನ್ನುತ್ತಾರೆ.

ನಮ್ಮದು ವಿಜಯಪುರ ಜಿಲ್ಲೆ. ಶಾಲೆಯ ದಿನಗಳಲ್ಲಿ ಪ್ರವಾಸ ಅಂದರೆ ಗೋಳಗುಮ್ಮಟ, ಅದಾದ ಮೇಲೆ ಮಲಿಕ್-ಎ-ಮೈದಾನ್. 1549ರಲ್ಲಿ ಎರಕ ಹೊಯ್ದ ಆ ತೋಪಿನ ತೂಕ ಸುಮಾರು 55 ಟನ್ ಎನ್ನುತ್ತಾರೆ. ಬಿಎಂಪಿ-2 ಇಡೀ ಗಾಡಿಯೇ 14 ಟನ್ ಚಿಲ್ಲರೆ, ಅಂದರೆ ಒಂದು ತೋಪಿನ ತೂಕಕ್ಕೆ ಹೆಚ್ಚುಕಡಿಮೆ ನಾಲ್ಕು ಗಾಡಿ. ಆ ತೋಪಿನ ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಹಾಗಿದೆ. ಬತ್ತಿಗೆ ಬೆಂಕಿ ಕೊಟ್ಟವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂದು ಅಲ್ಲಿಯ ಗೈಡುಗಳು ಹೇಳುವುದನ್ನು ಕೇಳಿ ನಾವು ಹುಡುಗರು ನಗುತ್ತಿದ್ದೆವು. ಅಷ್ಟು ದೊಡ್ಡ ತೋಪನ್ನು ಎರಕ ಹೊಯ್ದದ್ದು ಬಿಜಾಪುರದಲ್ಲಿ ಅಲ್ಲ, ಅದೇ ಅಹಮದ್‌ನಗರದಲ್ಲಿ. ದೊಡ್ಡಪ್ಪನಿಗೆ ಇದು ಯಾಕೋ ಬಹಳ ಹೆಮ್ಮೆಯ ವಿಷಯ.

ಆಟಕ್ಕೆ ಬರುತ್ತೇನೆ. 30 ಮಿ.ಮೀ. ಗುಂಡಿನ ತೂಕ ಸುಮಾರು 400 ಗ್ರಾಂ. ಈ ಕಾಲದ ದೊಡ್ಡ ಟ್ಯಾಂಕಿನ ಎದೆಗೆ ಅದು ತಾಗಿದರೆ ಆಲಿಕಲ್ಲು ಬಿದ್ದಷ್ಟೇ ಲೆಕ್ಕ. ಹಾಗಾಗಿ ಎದೆಗೆ ಹೊಡೆಯುವುದಿಲ್ಲ. ಮೊದಲು ಅದರ ನಳಿಗೆಗೆ ಹೊಡೆಯಬೇಕು. ನಳಿಗೆ ಕೆಟ್ಟ ಟ್ಯಾಂಕು ರಿಪೇರಿ ಮಾಡಿಕೊಳ್ಳುವತನಕ ಹಲ್ಲು ಕಿತ್ತ ಹಾವು. ಆಮೇಲೆ ಚೈನಿಗೆ. ಅದು ಅಲ್ಲೇ ನಿಂತು ಒದ್ದಾಡುವಾಗ ಸುತ್ತು ಹಾಕಿ ಪಕ್ಕೆಗೆ ಬಂದು ಸುರಿಯಬೇಕು. ದೂರದಲ್ಲಿದ್ದರೆ ಗಾಡಿ ನಿಲ್ಲಿಸಿ ನೆತ್ತಿಯ ಮೇಲಿನ ಕೊಂಕುರ್ಸ್ ಕ್ಷಿಪಣಿ ಬಿಡಬಹುದು. ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಸಣ್ಣದು ದೊಡ್ಡದನ್ನು ಬುದ್ಧಿಯಿಂದ ಕೆಡವುವ ಕತೆ ನಮಗೆ ಮೊಲ ಮತ್ತು ಸಿಂಹದ ಕಾಲದಿಂದ ಇಷ್ಟವಲ್ಲವೇ.

ಹೊಡೆತ ಬಿದ್ದಾಗ ಪರದೆಯ ಮೇಲೆ ಎಕ್ಸ್-ರೇ ಚಿತ್ರ ಬರುತ್ತದೆ. ಗುಂಡು ಎಲ್ಲಿಂದ ಹೊಕ್ಕಿತು, ಚೂರುಗಳು ಎಲ್ಲೆಲ್ಲಿ ಹಾರಿದವು, ಯಾವ ಭಾಗ ಕೆಟ್ಟಿತು ಎಲ್ಲವೂ ಕಾಣುತ್ತದೆ. ಒಳಗೆ ಕೂತ ಗೊಂಬೆಗಳು ಪೆಟ್ಟಿಗೆ ತಕ್ಕಂತೆ ಹಳದಿ, ಕೆಂಪು, ಕೊನೆಗೆ ಕಪ್ಪು. ‘ಸತ್ತರು’ ಎಂದು ಆಟ ಹೇಳುವುದಿಲ್ಲ, ಸಿಬ್ಬಂದಿ ‘ನಾಕ್ಡ್ ಔಟ್’ ಎನ್ನುತ್ತದೆ. ಕುಸ್ತಿಯಲ್ಲಿ ಬಿದ್ದವರು ಮಣ್ಣು ಕೊಡವಿಕೊಂಡು ಎದ್ದು ಹೋದಂತೆ.

ಒಂದು ಸಂಜೆ ದೊಡ್ಡಪ್ಪ ನನ್ನ ಹಿಂದೆ ನಿಂತು ನೋಡುತ್ತಿದ್ದರು. ನನ್ನ ಗಾಡಿಗೇ ಯಾರೋ ಹೊಡೆದರು, ಎಕ್ಸ್-ರೇ ಬಂತು. ತೋಪಿನ ಎಡಕ್ಕೆ ಕೂತ ಗೊಂಬೆಯನ್ನು ತೋರಿಸಿ, ‘ಅದು ನನ್ನ ಜಾಗ’ ಎಂದರು. ಬಲಕ್ಕಿರುವವನು ಕಮಾಂಡರ್, ಮುಂದೆ ಡ್ರೈವರ್. ಅಷ್ಟೇ ಮೂವರು. ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು.

‘ಹಿಂದ ಕುಂತ ಹುಡುಗ್ರು ಎಲ್ಲಿ ಅದಾರ?’

ಆಟದಲ್ಲಿ ಅವರು ಇಲ್ಲ. ನಾನು ಆಡುವ ಯಾವ ಪಂದ್ಯದಲ್ಲೂ ಆ ಗಾಡಿಯ ಹಿಂಭಾಗ ಖಾಲಿ. ಆದರೆ ಬಿಎಂಪಿ ಹುಟ್ಟಿದ್ದೇ ಅವರಿಗಾಗಿ. ಏಳು ಜನ ಕಾಲಾಳುಗಳನ್ನು ಗುಂಡಿನ ಮಳೆಯ ನಡುವೆ ಒಯ್ದು ಇಳಿಸಬೇಕು, ಇಳಿದವರಿಗೆ ಆಸರೆಯಾಗಿ ಹಿಂದಿನಿಂದ ತೋಪು ಮಾತಾಡಬೇಕು, ಇದು ಅದರ ಕೆಲಸ. ತೋಪಿಗೆ 74 ಡಿಗ್ರಿ ಮೇಲೆತ್ತುವ ಕತ್ತು ಇರುವುದೂ ಬೆಟ್ಟದ ತುದಿಯಲ್ಲೋ ಮಹಡಿಯಲ್ಲೋ ಕೂತು ಹೊಡೆಯುವವನನ್ನು ಮುಟ್ಟಬೇಕಾದ್ದರಿಂದ. ಅಫ್ಘಾನಿಸ್ತಾನದ ಕಣಿವೆಗಳಲ್ಲಿ ಸೋವಿಯತ್ ಸೈನಿಕರಿಗೆ ಆ ಕತ್ತು ಎಷ್ಟು ಬೇಕಾಯಿತೆಂಬುದು ಗೊತ್ತಿರುವ ಸಂಗತಿ. ಟ್ಯಾಂಕು ಬೇಟೆಯಾಡುವುದು ಅದಕ್ಕೆ ಉಪಕಸುಬು. ಆಟ ಉಪಕಸುಬನ್ನೇ ಕಸುಬು ಮಾಡಿ, ಏಳು ಸೀಟು ಖಾಲಿ ಇಟ್ಟಿದೆ.

ಏಳರಲ್ಲಿ ಒಬ್ಬ ಡ್ರೈವರ್ ಹಿಂದೆ. ಉಳಿದ ಆರು ಜನ ಹಿಂಭಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು, ಮೂರು ಆ ಕಡೆ ಮೂರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಅವರ ಬೆನ್ನುಗಳ ನಡುವೆ ಡೀಸೆಲ್ ಟ್ಯಾಂಕು. ಇಳಿಯುವ ಹಿಂಬಾಗಿಲುಗಳು ಪೊಳ್ಳು, ಅವುಗಳ ಹೊಟ್ಟೆಯಲ್ಲೂ ಡೀಸೆಲ್. ಮೊದಲ ವರ್ಷಗಳಲ್ಲಿ ಅಲ್ಲಿ ಕೂತಾಗ ದೊಡ್ಡಪ್ಪನಿಗೆ ಹೊರಗೆ ಏನಾಗುತ್ತಿದೆ ಎಂದು ತಿಳಿಯುತ್ತಿದ್ದದ್ದು ನೆತ್ತಿಯ ಮೇಲಿನ ತೋಪಿನ ಸದ್ದಿನಿಂದಂತೆ. ನಿಧಾನ ಹೊಡೆತವೋ ಜೋರು ಹೊಡೆತವೋ, ಎಷ್ಟು ಹೊಡೆದು ನಿಲ್ಲಿಸಿದ, ಎಲ್ಲ ಎಣಿಸಿಕೊಳ್ಳುತ್ತಿದ್ದರು. ಗನ್ನರ್ ಆದ ಮೇಲೆ, ಕೆಳಗಿನವರು ಎಣಿಸುತ್ತಿದ್ದಾರೆ ಎಂದು ನೆನಪಿಟ್ಟುಕೊಂಡೇ ಬೆರಳು ಒತ್ತುತ್ತಿದ್ದರು. ಇದನ್ನು ಅವರು ನನಗೆ ಹೇಳಿದ್ದು ಆ ಸಂಜೆಯೇ, ಮೊದಲ ಸಲ.

ಹೇಳಿದ್ದಕ್ಕೆ ಕಾರಣವಿತ್ತು. ಅವರ ಮಗ, ನನ್ನ ತಮ್ಮ, ಎರಡು ವರ್ಷ ನನ್ನ ಜೊತೆ ಈ ಆಟ ಆಡಿದವನು. ನಾನು ನಳಿಗೆ ಮುರಿದರೆ ಅವನು ಪಕ್ಕೆಗೆ ಹೋಗುತ್ತಿದ್ದ. ಅವನು ಅಗ್ನಿವೀರ್ ರ‍್ಯಾಲಿಯಲ್ಲಿ ಓಡಿ ಪಾಸಾದ, ಅಪ್ಪನ ರೆಜಿಮೆಂಟೇ ಸಿಕ್ಕಿತು, ತರಬೇತಿ ಮುಗಿಸಿ ಈಗ ಎಲ್ಲೋ ಚಳಿಯ ಕಡೆ ಇದ್ದಾನೆ. ಅವನ ಹೆಸರು ಆಟದ ಪಟ್ಟಿಯಲ್ಲಿ ಬೂದು ಬಣ್ಣದಲ್ಲಿ ಇನ್ನೂ ಇದೆ.

ಕಳೆದ ಭಾನುವಾರ ಫೋನ್ ಮಾಡಿದ್ದ. ಆಟದಲ್ಲಿ ಹೊಸ ಗಾಡಿ ಯಾವುದು ಬಂತು ಅಂದ, ಹೇಳಿದೆ. ನಿಜವಾದದ್ದರಲ್ಲಿ ಮೊಣಕಾಲು ಚಾಚಲು ಜಾಗ ಇಲ್ಲ ಅಂದ, ನಕ್ಕೆವು. ಆಮೇಲೆ ದೊಡ್ಡಪ್ಪನಿಗೆ ಫೋನ್ ಕೊಟ್ಟು, ಅವರ ಕಿವಿಗಾಗಿ ಸ್ಪೀಕರ್ ಹಾಕಿದೆ.

‘ಎಲ್ಲಿ ಕುಂಡ್ರತಿ?’ ಎಂದು ಕೇಳಿದರು. ಯಾವ ಊರು ಎಂದು ಅವರು ಕೇಳುತ್ತಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

‘ಎಡಗಡೆ ಅಪ್ಪಾ. ಬಾಗಲ ಬಾಜೂಕ.’

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಊಟ ಆಯ್ತಾ ಎಂದರು.