ಹಕ್ಕಿ ಎಣಿಸಿದವಳ ಗಳಿಕೆ

ಧಾರವಾಡದ ಆ ಹುಡುಗಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಮೊದಲು ಸಿಕ್ಕ ಕೆಲಸ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹಕ್ಕಿ ಎಣಿಸುವುದು. ನಾಲ್ಕು ತಿಂಗಳ ತಾತ್ಕಾಲಿಕ ತರಬೇತಿ. ಊಟಕ್ಕೂ ಬಸ್ಸಿಗೂ ಸಾಲುವಷ್ಟು ಭತ್ಯೆ. ಮಾರ್ಚಿಗೆ ಹಕ್ಕಿಗಳು ಹೊರಟವು, ಅವಳ ಅವಧಿಯೂ ಮುಗಿಯಿತು. “ನಾಕ್ ತಿಂಗಳಾ ಹಕ್ಕಿ ಎಣಿಸಿ ಏನ್ ಗಳಿಸಿದ್ಯವಾ?” ಎಂದರು ಅಪ್ಪ.

ಹೆತ್ತವರು ಕೇಳಬೇಕಾದ ಪ್ರಶ್ನೆಯೇ ಅದು.

ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಾ ಕಡೆಯವು. ಹಿಮಾಲಯ ದಾಟಿ ಬರುವ ಈ ಹಕ್ಕಿಯ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. ನೋಡಲು ಬಂದವರಿಗೆ ಅವು ದೂರದ ಅತಿಥಿಗಳು. ಶೇಂಗಾ ಬಿತ್ತಿದ ರೈತನಿಗೆ ಬೆಳೆ ತಿನ್ನುವ ಹಿಂಡು. ಹುಡುಗಿ ಹಕ್ಕಿಯ ಸಂಖ್ಯೆಯನ್ನೂ ಬರೆದಳು, ರೈತನ ದೂರನ್ನೂ ಬರೆದಳು.

ಒಂದು ಬೆಳಿಗ್ಗೆ ಕೆರೆಯಲ್ಲಿ ಒಂದೂ ಹೆಬ್ಬಾತು ಇರಲಿಲ್ಲ. ಹಿಂದಿನ ದಿನದ ಅಂಕಿಯನ್ನೇ ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವಳು ‘ಸೊನ್ನೆ’ ಎಂದು ಬರೆದು, ಪಕ್ಕದಲ್ಲಿ ಹೊತ್ತು, ಮೋಡ, ಗಾಳಿಯ ದಿಕ್ಕು ದಾಖಲಿಸಿದಳು. ವಿಜ್ಞಾನದಲ್ಲಿ ಸೊನ್ನೆಯೂ ಒಂದು ಉತ್ತರ. ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದೆ. ಇಂಥ ಕೆರೆಗಳಲ್ಲಿ ಹಕ್ಕಿ ಹೆಚ್ಚಿತೋ ಕಡಿಮೆಯಾಯಿತೋ ಎಂದು ಹೇಳಲು ವರ್ಷ ವರ್ಷದ ನಂಬಿಕಸ್ಥ ಲೆಕ್ಕ ಬೇಕು. ಅವಳ ಪುಸ್ತಕ ಮುಂದಿನ ಚಳಿಗಾಲ ಬರುವವರ ಕೈ ಸೇರಿತು.

ಕೆಲಸ ಮುಗಿದರೆ ಬದುಕು ನಿಲ್ಲುವುದಿಲ್ಲ. ಪಕ್ಷಿತಜ್ಞ ಸಾಲಿಂ ಅಲಿ 1930ರಲ್ಲಿ ಜರ್ಮನಿಯಿಂದ ಮರಳಿದಾಗ ಮುಂಬಯಿ ವಸ್ತುಸಂಗ್ರಹಾಲಯದ ಅವರ ಹುದ್ದೆ ಹಣವಿಲ್ಲದೆ ರದ್ದಾಗಿತ್ತು. ಅವರು ಕಡಲ ಬದಿಯ ಕಿಹಿಮ್ ಹಳ್ಳಿಗೆ ಹೋಗಿ ಗೀಜಗಗಳು ಗೂಡು ಹೆಣೆಯುವುದನ್ನು ನೋಡುತ್ತ ಕುಳಿತರು. ಅವರಿಗೆ ಹೆಸರು ತಂದದ್ದು ಆ ಅಧ್ಯಯನವೇ.

ನಮ್ಮ ಹುಡುಗಿ ಈಗ ಹುಬ್ಬಳ್ಳಿಯಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿದ್ದಾಳೆ. ಅಲ್ಲಿ ಹಕ್ಕಿಗಳಿಲ್ಲ, ಸೀಸೆಗಳಿವೆ. ಮೊದಲ ತಿಂಗಳಲ್ಲೇ ಒಂದು ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. “ಸ್ವಲ್ಪ ಕಡಿಮಿ ಬರೀರಿ ಮೇಡಂ” ಎಂದರು ನೀರು ತಂದವರು. ಅವಳು ಮತ್ತೆರಡು ಸಲ ಪರೀಕ್ಷಿಸಿದಳು, ಬಂದದ್ದನ್ನೇ ಬರೆದಳು.

ಈ ಅಭ್ಯಾಸ ಬಂದದ್ದು ಕೆರೆಯ ದಂಡೆಯಲ್ಲಿ. ಮಕ್ಕಳು ಇಂಥ ಅಲ್ಪಾವಧಿಯ ಕೆಲಸ ಮುಗಿಸಿ ಬಂದಾಗ ತಾಯಿ-ತಂದೆಯರು ಗಳಿಕೆಯನ್ನು ಕೇಳಲಿ. ಜೊತೆಗೆ ಅವರು ಬರೆದಿಟ್ಟ ಪುಸ್ತಕವನ್ನೂ ಒಮ್ಮೆ ತೆರೆದು ನೋಡಲಿ.